ಮರುಗದ ರೀತ್

೧೯೯೮ರ ಡಿಸೆಂಬರ್‌ನ ಒಂದು ಬೆಳಿಗ್ಗೆ ಹೂ ಬಿಡಿಸಲು ಹೊರಗೆ ಬಂದ ಲಕ್ಷ್ಮಮ್ಮ ಅಲ್ಲೇ ನಿಂತುಬಿಟ್ಟರು. ಅವರ ಮರುಗ ಬೋಳಾಗಿತ್ತು. ಪಚ್ಚೆತೆನೆಯಲ್ಲಿ ಬರೀ ಕಡ್ಡಿ ಉಳಿದಿತ್ತು. ಗೇಟಿನ ಪಕ್ಕದ ಸರ್ವೆ ಗಿಡದ ತುದಿಗಳನ್ನೂ ಯಾರೋ ಕತ್ತರಿಸಿದ್ದರು. ಬಿಟಿಎಂ ಲೇಔಟ್ ಆಗುವ ಮೊದಲು ಇದೇ ನೆಲದಲ್ಲಿ ಅವರ ಮನೆಯವರು ರಾಗಿ ಬೆಳೆಯುತ್ತಿದ್ದರು. ಈಗ ಬಾಡಿಗೆ ಮನೆಗಳ ಮಧ್ಯೆ ಉಳಿದದ್ದು ಈ ಪುಟ್ಟ ಕೈತೋಟ ಒಂದೇ. ಅಲ್ಲಿ ಎಲೆ ಮುಟ್ಟಲು ಗಂಡ ಬೋರಣ್ಣನಿಗೂ ಅಪ್ಪಣೆ ಇರಲಿಲ್ಲ.

ಮಹಡಿಯಲ್ಲಿ ಬಾಡಿಗೆಗಿದ್ದ ಬ್ಯಾಡಗಿಯ ಅನ್ನಪೂರ್ಣ ತಾನೇ ಕೆಳಗಿಳಿದು ಬಂದು ಒಪ್ಪಿಕೊಂಡಳು. ಮೂರನೇ ಕ್ಲಾಸಿನ ಮಗಳು ಶಿವಲೀಲಾಳ ಸ್ಕೂಲಿನಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮ. ಬಾಗಿಲಿಗೆ ತೂಗುಹಾಕಲು ಹಸಿರೆಲೆಯ ರೀತ್ ಮನೆಯಲ್ಲೇ ಮಾಡಿ ತರಬೇಕೆಂದು ಡೈರಿಯಲ್ಲಿ ಬರೆದು ಕಳಿಸಿದ್ದರು. ಹಿಂದಿನ ದಿನ ಅವಳು ಎಲೆ ಕೀಳುವಾಗ ಲಕ್ಷ್ಮಮ್ಮ ಅರೆಕೆರೆಗೆ, ತಂಗಿಯ ಮನೆಗೆ ಹೋಗಿದ್ದರು.

"ರೀತ್ ಅಂದ್ರ ಸಿಂಬಿ ಹಂಗ ದುಂಡಗ ಇರ್ತೈತ್ರಿ ಅಮ್ಮಾರ. ನಿಮ್ಮನ್ನ ಕೇಳಬೇಕಿತ್ತು, ತಪ್ಪಾತ್ರಿ."

ಲಕ್ಷ್ಮಮ್ಮ ಬಿಡಲಿಲ್ಲ. ಇಡೀ ಬೀದಿಗೆ ಕೇಳುವಂತೆ ಬೈದರು. ಬಾಡಿಗೆಗೆ ಕೊಟ್ಟದ್ದು ಮನೆ, ತೋಟವಲ್ಲ ಎಂದರು. ತಿಂಗಳೊಳಗೆ ಖಾಲಿ ಮಾಡಬೇಕೆಂದೂ ಹೇಳಿದರು. ಅನ್ನಪೂರ್ಣ ತುಟಿ ಕಚ್ಚಿಕೊಂಡು ಮೇಲೆ ಹೋದಳು.

ಮಧ್ಯಾಹ್ನ ಊಟಕ್ಕೆ ಬಂದ ಶಿವಲೀಲಾ ಮೆಟ್ಟಿಲ ಮೇಲೆ ಕೂತು ಬಿಕ್ಕುತ್ತಿದ್ದಳು. ಲಕ್ಷ್ಮಮ್ಮ ಕೇಳಿದಾಗ ವಿಷಯ ಹೊರಬಿತ್ತು. ತಾಯಿ ಮಗಳು ಸಂಜೆಯೆಲ್ಲ ಕೂತು ತಂತಿಯ ಬಳೆಗೆ ಎಲೆ ಸುತ್ತಿ, ಕೆಂಪಗೆ ಕಾಣಲೆಂದು ಊರಿನ ಒಣಮೆಣಸಿನಕಾಯಿ ಸಿಕ್ಕಿಸಿದ್ದರು. ಟೀಚರ್ ಅದನ್ನು ನೋಡಿ, ಇದೇನು ಅಡುಗೆಮನೆ ಸಾಮಾನು ಎಂದು ಎಲ್ಲರೆದುರು ನಕ್ಕು ಕಸದ ಬುಟ್ಟಿಗೆ ಹಾಕಿದ್ದರು. ಉಳಿದ ಮಕ್ಕಳೆಲ್ಲ ಅಂಗಡಿಯ ಪ್ಲಾಸ್ಟಿಕ್ ರೀತ್ ತಂದಿದ್ದರಂತೆ.

ಹೋಗಲಿ ಬಿಡ್ರಿ ಎಂದಳು ಮೇಲಿಂದ ಇಳಿದು ಬಂದ ಅನ್ನಪೂರ್ಣ. ಅಷ್ಟರಲ್ಲಿ ಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು, ಮಗುವಿನ ಕೈ ಹಿಡಿದು ಗೇಟು ದಾಟಿದ್ದರು. ಅನ್ನಪೂರ್ಣ ಹಿಂದೆಯೇ ಓಡಿದಳು.

ಸ್ಕೂಲಿನ ವಾಚ್‌ಮನ್ ತಡೆದರೂ ನಿಲ್ಲದೆ ಲಕ್ಷ್ಮಮ್ಮ ಕ್ಲಾಸಿಗೆ ನುಗ್ಗಿ ಕಸದ ಬುಟ್ಟಿಗೆ ಕೈ ಹಾಕಿದರು. ಪೆನ್ಸಿಲ್ ಹೆರೆದ ಚೂರು, ಬಾಳೆಹಣ್ಣಿನ ಸಿಪ್ಪೆಗಳ ಕೆಳಗೆ ರೀತ್ ಸಿಕ್ಕಿತು. ಒಂದು ಕಡೆ ಚಪ್ಪಟೆಯಾಗಿತ್ತು. ಮರುಗದ ಘಮ ಇನ್ನೂ ಇತ್ತು. ಅವರ ಸಿಟ್ಟು ಇನ್ನಷ್ಟು ಏರಿತು, ದನಿ ಮಾತ್ರ ತಗ್ಗಿತು.

"ಮನೇಲಿ ಮಾಡ್ಕೊಂಡ್ ಬನ್ನಿ ಅಂತ ಬರೆದಿದ್ದು ನೀವೇ ತಾನೇ ಮೇಡಂ? ಇಲ್ಲಿ ಮನೇಲಿ ಮಾಡಿರೋದು ಇದೊಂದೇ. ಅದನ್ನೇ ಕಸಕ್ಕೆ ಹಾಕಿದೀರಲ್ಲ."

ಮುಖ್ಯ ಅತಿಥಿಗಳು ಬರುತ್ತಾರೆ, ನೀಟಾಗಿ ಕಾಣಬೇಕು ಎಂದು ಟೀಚರ್ ಏನೋ ಹೇಳಲು ಹೋದರು.

"ನಾನು ಬೆಳೆಸಿರೋ ಗಿಡದ್ದು ಇದು. ಮಗೂಗೆ ಸಾರಿ ಹೇಳಿ, ನೀವೇ ಬಾಗಿಲಿಗೆ ಕಟ್ಟಿ. ಅಲ್ಲೀತಂಕ ನಾನು ಇಲ್ಲಿಂದ ಹೋಗಲ್ಲ."

ಮಕ್ಕಳೆಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ಟೀಚರ್ ಹೇಳಿದ ಸಾರಿ ಹತ್ತಿರದವರಿಗೂ ಸರಿಯಾಗಿ ಕೇಳಲಿಲ್ಲ. ಆದರೆ ಸ್ಟೂಲ್ ಹತ್ತಿ ರೀತನ್ನು ಕಟ್ಟಿದರು. ಸೊಟ್ಟಗಾಗಿದೆ ಎಂದಳು ಶಿವಲೀಲಾ. ಟೀಚರ್ ಮತ್ತೆ ಬಿಚ್ಚಿ ನೆಟ್ಟಗೆ ಕಟ್ಟಿದರು.

ವಾಪಸ್ ಬರುವಾಗ ಲಕ್ಷ್ಮಮ್ಮ, ಮನೆ ಖಾಲಿ ಮಾಡುವುದೇನೂ ಬೇಡ, ಆದರೆ ಇನ್ನೊಮ್ಮೆ ಕೇಳದೆ ಎಲೆ ಮುಟ್ಟಬೇಡ ಎಂದರು. ಬೆಳಿಗ್ಗೆ ಬೈದದ್ದರ ಮಾತನ್ನೇ ಎತ್ತಲಿಲ್ಲ. ಬೀದಿಯವರೆದುರು ಬೈಸಿಕೊಂಡ ಸಿಟ್ಟು ಅನ್ನಪೂರ್ಣಳಿಗೂ ಇಳಿದಿರಲಿಲ್ಲ. ಸಂಕ್ರಾಂತಿಗೆ ಶಿವಲೀಲಾ ಎಳ್ಳು ಬೀರಲು ಕೆಳಗಿಳಿದು ಬರುವ ತನಕ ಎರಡು ಮನೆಗಳ ನಡುವೆ ಮಾತಿರಲಿಲ್ಲ.