ಹಲಗೆ ಹಾಕಿದ ತಪ್ಪು

ಮಳೆ ನಿಂತ ಮೇಲೆ ಹೊಳೆಯ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಿ, ಸಮುದ್ರದ ಉಪ್ಪುನೀರು ಒಳಗೆ ಬಾರದಂತೆ ತಡೆಯುವುದು ವರ್ಷ ವರ್ಷವೂ ಊರವರದೇ ಕೆಲಸವಾಗಿತ್ತು. ಈ ಸಲ ಅಲ್ಲಿ ಬೇಲಿ ಎದ್ದಿತು, ಬೀಗ ಬಿತ್ತು. ಸರ್ಕಾರ ಕಾನೂನು ತಿದ್ದಿದೆ, ಇನ್ನು ಅಣೆಕಟ್ಟು ಮುಟ್ಟಿದವರಿಗೆ ಜೈಲು ಎಂದು ಬೋರ್ಡೂ ಬಂತು. ಹಲಗೆ ಹಾಕಲು ಇಲಾಖೆಯವರೇ ಬಂದಾರೆಂದು ಊರು ಕಾದದ್ದೇ ಬಂತು. ಉಬ್ಬರ ಏರಿ ಹೊಳೆದಂಡೆಯ ನಾಗುವಿನ ಬಾವಿ ಉಪ್ಪಾಯಿತು.

ಅವಳ ಗಂಡ ಬಚ್ಚ ಸಹಿಸಲಾರದೆ ಬೇಲಿ ಹಾರಿ ಹಲಗೆ ಇಳಿಸಿದ. ಇಲಾಖೆಗೆ ಸಿಗದ ದಾರಿ ಪೊಲೀಸರಿಗೆ ಮರುದಿನವೇ ಸಿಕ್ಕಿತು. ಬಚ್ಚನನ್ನು ಎಳೆದೊಯ್ದರು, ಹಲಗೆಗಳನ್ನೂ ಕಿತ್ತು ಹೊತ್ತೊಯ್ದರು.

ನಾಗು ಠಾಣೆಗೆ ಹೋದಳು. "ಹ್ವಾಯ್, ಬೇಕಾರೆ ನನ್ ಗಂಡನ್ನ ಇಟ್ಕಣಿ. ಹಲ್ಗಿ ಆದ್ರೂ ಕೊಡಿ ಮಾರಾಯ್ರೆ."

"ಅದು ಸಾಕ್ಷಿ ಅಮ್ಮ, ಕೇಸು ಮುಗಿಯುವ ತನಕ ಕೊಡಲಿಕ್ಕಿಲ್ಲ" ಎಂದರು ದಫೇದಾರರು. "ಅಣೆಕಟ್ಟು ಕಾಯಲಿಕ್ಕೇ ಈ ಕಾನೂನು ತಂದದ್ದು."

"ಅಣೆಕಟ್ಟ್ ಯಾರನ್ನ ಕಾಯೂಕೆ ಕಟ್ಟದ್ದ್?" ಎಂದಳು ನಾಗು. ದಫೇದಾರರು ಫೋನು ನೋಡತೊಡಗಿದರು.

ಆ ಸಂಜೆ ಗಂಜಿಗೆ ಅವಳು ಉಪ್ಪು ಹಾಕಲಿಲ್ಲ. ಬೇಕಾಗಲಿಲ್ಲ.