ಮೊದಲ ಬೆರಳು

ಶಿಗೆನೊಗೆ ಎಪ್ಪತ್ತಾರು ತುಂಬಿತ್ತು. ಬೆಟ್ಟದ ಆ ಊರಿನಲ್ಲಿ ಅದನ್ನು ಯಾರೂ ಮುಪ್ಪು ಅನ್ನುವುದಿಲ್ಲ. ಅವಳನ್ನು ಹಣ್ಣು ಮಾಡಿದ್ದು ವಯಸ್ಸಲ್ಲ, ಎರಡು ಎಂಬ ಅಂಕಿ. ಬೆಳಿಗ್ಗೆ ಎದ್ದು, ಸತ್ತ ಗಂಡನ ಪಟದ ಮುಂದೆ ಪುಟ್ಟ ಬಟ್ಟಲಲ್ಲಿ ಬಿಸಿ ಅನ್ನವಿಟ್ಟು, ಗಂಟೆ ಬಾರಿಸಿ, ಹಲಗೆಯನ್ನು ಕೈಗೆತ್ತಿಕೊಂಡರೆ ಅದರ ಮೂಲೆಯಲ್ಲಿ ಆ ಎರಡು ಕೂತಿರುತ್ತಿತ್ತು. ವರ್ಷಗಳಿಂದ ಅದು ಅಲ್ಲಿಂದ ಜಗ್ಗಿರಲಿಲ್ಲ.

ಊರಿನ ಎಲೆ ಮಾರಾಟದ ಸಂಘದವರು ಅದಕ್ಕೆ ಟ್ಯಾಬ್ಲೆಟ್ ಎನ್ನುತ್ತಿದ್ದರು, ಊರಿನ ಹೆಂಗಸರ ಬಾಯಲ್ಲಿ ಅದು ಹಲಗೆ. ಒಂದು ಚಳಿಗಾಲದಲ್ಲಿ ಹಿಮ ಬಿದ್ದು ಕಿತ್ತಳೆ ತೋಟಗಳೆಲ್ಲ ಸುಟ್ಟುಹೋದ ಮೇಲೆ ಊರು ಎಲೆ ಮಾರತೊಡಗಿತ್ತು. ಕ್ಯೋಟೊ, ಒಸಾಕಾಗಳ ದೊಡ್ಡ ಊಟದ ಮನೆಗಳಲ್ಲಿ ಹಸಿ ಮೀನಿನ ಪಕ್ಕಕ್ಕೆ ಇಡುವ, ಚಳಿಗೆ ಕೆಂಪಾಗುವ ಮೊಮಿಜಿ ಎಲೆ, ಪರ್ಸಿಮನ್ ಎಲೆ, ಬಿದಿರಿನ ಚಿಗುರು. ತಿನ್ನುವುದಕ್ಕಲ್ಲ, ಕಣ್ಣಿಗೆ. ಬೆಳಿಗ್ಗೆ ಸರಿಯಾಗಿ ಎಂಟಕ್ಕೆ, ಕಂಬದ ಮೇಲಿನ ಪಂಚಾಯಿತಿ ಧ್ವನಿವರ್ಧಕ ತನ್ನ ಹಳೇ ರಾಗ ನುಡಿಸುವ ಹೊತ್ತಿಗೆ, ಆ ದಿನ ಯಾವ ಎಲೆ ಎಷ್ಟು ಬೇಕೆಂದು ಹಲಗೆಯ ಮೇಲೆ ತೆರೆದುಕೊಳ್ಳುತ್ತಿತ್ತು. ಮೊದಲು ಒತ್ತಿದ ಬೆರಳಿಗೆ ಆ ಬೇಡಿಕೆ. ಒತ್ತಿ ಆಮೇಲೆ ಎಲೆ ಕೊಡದಿದ್ದರೆ ಹೆಸರು ಪಟ್ಟಿಯ ತಳಕ್ಕೆ. ಮಾರಾಟದಲ್ಲಿ ಊರಿಗೆ ಎಷ್ಟನೆಯವರು ನೀವು ಎಂಬುದು ನಿಮ್ಮ ಹಲಗೆಯಲ್ಲಿ ನಿಮಗೆ ಮಾತ್ರ ಕಾಣುತ್ತಿತ್ತು. ಗುಟ್ಟಂತೆ! ಊರಿನ ನಾಯಿಗೂ ಎಲ್ಲರ ಅಂಕಿ ಗೊತ್ತಿತ್ತು.

ಒಂದು ಎಂಬ ಅಂಕಿ ಇದ್ದದ್ದು ಮೇಲಿನ ಮನೆಯ ಫುಸಾಯೆಯ ಬಳಿ. ಬಂದರಿನ ಕಡೆಯಿಂದ ಮದುವೆಯಾಗಿ ಬಂದವಳು, ಮೀನು ಸೀಳಿ ಸೀಳಿ ಚುರುಕಾದ ಕೈ. ಅವಳೂ ಈಗ ಒಬ್ಬಳೇ. ತಾನು ಹಾಕಿದ ಮೂಲಂಗಿ ಉಪ್ಪಿನಕಾಯಿ ಹಿಡಿದು ಇಳಿಯುವಳು, ಬಾಗಿಲಲ್ಲಿ ನಿಂತು "ಎರಡಕ್ಕ ಇದ್ದಾರಾ?" ಎಂದು ಕೂಗುವಳು. ಆ ಹೆಸರು ಊರಿಡೀ ಹಬ್ಬಿತ್ತು. ಶಿಗೆನೊ ನಗುತ್ತ ಡಬ್ಬಿ ತೆಗೆದುಕೊಂಡು, ಅವಳು ಮರೆಯಾದ ಮೇಲೆ ಆ ಮೂಲಂಗಿಯನ್ನು ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದಳು.

ಆ ವರ್ಷ ಚಳಿ ತಡವಾಯಿತು. ಬೆಟ್ಟವೆಲ್ಲ ಇನ್ನೂ ಹಸಿರು. ಕೆಂಪು ಹತ್ತಿದ್ದು ಫುಸಾಯೆಯ ಮನೆಯ ಮುಂದಿನ ಮೊಮಿಜಿ ಮರದ ತುದಿಗೆ, ಮತ್ತೆ ಗುಡಿಯ ಹಿಂದೆ ಶಿಗೆನೊ ಹುಡುಕಿಟ್ಟಿದ್ದ ಒಂದು ಕೊಂಬೆಗೆ. ಫುಸಾಯೆಗೆ ಆ ಮರದ ಸಸಿ ಕೊಟ್ಟವನು ಶಿಗೆನೊಳ ಗಂಡನೇ. ಅದಕ್ಕಾಗಿ ಪಟದಲ್ಲಿರುವವನನ್ನು ಶಿಗೆನೊ ಇನ್ನೂ ಕ್ಷಮಿಸಿರಲಿಲ್ಲ, ಕೆಲವು ದಿನ ಅನ್ನ ಆರಿದ ಮೇಲೆ ಇಡುತ್ತಿದ್ದಳು. ತಿಂಗಳ ಕೊನೆಯ ದಿನ ಬಂದಿತ್ತು. ಇನ್ನೊಂದೇ ಒಂದು ದೊಡ್ಡ ಬೇಡಿಕೆ ಸಿಕ್ಕರೆ ಅಂಕಿ ಅದಲು ಬದಲಾಗುತ್ತದೆ ಎಂದು ಸಂಘದ ಹುಡುಗಿ ಮಿಹೊಕೊ ಬಾಯಿ ತಪ್ಪಿ ಹೇಳಿದ್ದಳು. ಶಿಗೆನೊಗೆ ರಾತ್ರಿ ನಿದ್ದೆ ಹತ್ತಿರಲಿಲ್ಲ.

ಬೆಳಿಗ್ಗೆ ಜಗಲಿಯ ಗಾಜಿನ ಬಾಗಿಲ ಹಿಂದೆ ಮಂಡಿಯೂರಿ, ಹಲಗೆಯನ್ನು ತೊಡೆಯ ಮೇಲಿಟ್ಟು, ಬೆರಳನ್ನು ಬಾಯಿಯ ಆವಿಯಿಂದ ಬೆಚ್ಚಗೆ ಮಾಡಿಕೊಂಡು ಕೂತಳು. ಎಂಟಕ್ಕೆ ಇನ್ನೇನು ಸ್ವಲ್ಪ ಇತ್ತು. ಆಗ ಮೇಲಿನ ಮನೆಯ ಕಡೆಯಿಂದ ಕೊಂಬೆ ಮುರಿದ ಸದ್ದು, ಹಿಂದೆಯೇ ಭಾರವಾದದ್ದೇನೋ ಬಿದ್ದ ಸದ್ದು. ಆಮೇಲೆ ಕೂಗು.

"ಶಿಗೆನೊ ಅಕ್ಕಾ... ಕಾಲು... ಬಾರೇ..."

ಶಿಗೆನೊ ತಲೆಯೆತ್ತಿ ನೋಡಿದಳು. ಏಣಿ ಅಡ್ಡಬಿದ್ದಿತ್ತು. ಮರದ ಬುಡದಲ್ಲಿ ಫುಸಾಯೆಯ ನೀಲಿ ಕೆಲಸದ ಷರಾಯಿ ಕಾಣುತ್ತಿತ್ತು. ಎದ್ದು ಓಡಬೇಕು ಅನ್ನಿಸಲಿಲ್ಲವೆಂದಲ್ಲ, ಅನ್ನಿಸಿತು, ಮಂಡಿ ಒಮ್ಮೆ ನೆಲ ಬಿಟ್ಟು ಎದ್ದಿತು ಕೂಡ. ಆದರೆ ಮುರಿಯುವುದು ಮುರಿದಾಗಿದೆ, ಒಂದು ನಿಮಿಷ ತಡವಾದರೆ ಅದೇ ಮೂಳೆ ಇನ್ನೊಮ್ಮೆ ಮುರಿಯುವುದಿಲ್ಲ ಎಂದು ಯೋಚನೆ ಬಂತು. ಅದರ ಬೆನ್ನಿಗೇ, ನಾಚಿಕೆಗೇಡಿನ ಒಂದು ಸಂತೋಷವೂ ಬಂತು. ಇವತ್ತು ಒತ್ತಲು ಅವಳಿಲ್ಲ. ಮಂಡಿ ಮತ್ತೆ ನೆಲಕ್ಕೆ ಕೂತಿತು.

ಕೂಗು ಮತ್ತೆ ಬಂತು, ಮತ್ತೆ ಬಂತು, ಆಮೇಲೆ ನಿಂತುಹೋಯಿತು. ಸತ್ತಳೇನೋ ಎಂದು ಶಿಗೆನೊ ಕಿವಿಗೊಟ್ಟಳು. ಅಷ್ಟರಲ್ಲಿ ಕಂಬದ ಮೇಲಿನ ರಾಗ ಶುರುವಾಯಿತು. ಕೆಂಪು ಮೊಮಿಜಿ, ಒಂದೇ ಗಾತ್ರದ್ದು, ಮಧ್ಯಾಹ್ನದ ಗಾಡಿಗೆ. ಅವಳು ಒತ್ತಿದಳು.

ಬೇರೊಬ್ಬರು ಪಡೆದಿದ್ದಾರೆ ಎಂದಿತು ಹಲಗೆ.

ಒಂದು ಗಳಿಗೆ ಅವಳು ಅದನ್ನೇ ಓದುತ್ತ ಕೂತಳು. ಆಮೇಲೆ ರಬ್ಬರ್ ಬೂಟು ಸಿಕ್ಕಿಸಿಕೊಂಡು, ಈಗಷ್ಟೇ ಕೇಳಿಸಿತೆಂಬಂತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು. ಫುಸಾಯೆ ಮರಕ್ಕೆ ತಲೆಯಾನಿಸಿ ಬಿದ್ದಿದ್ದಳು. ಎಡಗಾಲು ಮಂಡಿಯ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಮುಖ ಬಿಳಚಿಕೊಂಡಿತ್ತು. ಕತ್ತಿಗೆ ನೇತುಹಾಕಿಕೊಂಡಿದ್ದ ಚೀಲದಿಂದ ಹಲಗೆ ಹೊರಗೆ ಬಂದು ಎದೆಯ ಮೇಲಿತ್ತು, ಅದರ ಗಾಜಿಗೆ ಕೆಸರಿನ ಬೆರಳಿನ ಗುರುತು.

"ಬಂದ್ಯಾ ಎರಡಕ್ಕ," ಅಂದಳು ಫುಸಾಯೆ. "ಸಿಕ್ತಾ?"

ಒಲೆ ಮುಂದಿದ್ದೆ, ನೀರಿನ ಸದ್ದಿಗೆ ಕೇಳಿಸಲಿಲ್ಲ ಎಂದು ಶಿಗೆನೊ ಏನೋ ತೊದಲಿದಳು.

"ಸುಳ್ಳು ಯಾಕೆ ಹೇಳ್ತೀಯ. ಗಾಜಿನ ಹಿಂದೆ ಕೂತಿದ್ದೆ, ಬೆರಳೆತ್ಕೊಂಡು. ಇಲ್ಲಿ ಮಲಕ್ಕೊಂಡ್ರೆ ನಿನ್ನ ಜಗಲಿ ನೆಟ್ಟಗೆ ಕಾಣ್ಸುತ್ತೆ ಕಣೇ, ನಂಗೂ ಇವತ್ತೇ ಗೊತ್ತಾಗಿದ್ದು." ಫುಸಾಯೆ ಹಲ್ಲು ಕಚ್ಚಿ ಉಸಿರೆಳೆದುಕೊಂಡಳು. "ನೀನು ಬಂದಿದ್ರೆ ನಿನ್ನ ಕೈ ಹಿಡ್ಕೊಂಡಿರ್ತಿದ್ದೆ. ನೀನು ಬರ್ಲಿಲ್ಲ. ಕೈ ಖಾಲಿ ಇತ್ತು, ಒತ್ತಿದೆ."

ಆಂಬುಲೆನ್ಸಿಗೆ ಫೋನು ಮಾಡುತ್ತೇನೆಂದು ಶಿಗೆನೊ ತಿರುಗಿದಳು. ಬೂಟಿನ ತುದಿಯನ್ನು ಫುಸಾಯೆ ಹಿಡಿದುಕೊಂಡಳು.

"ಫೋನು ಆಮೇಲೆ. ಆಂಬುಲೆನ್ಸು ಬಂದ್ರೆ ನನ್ನ ಹೊತ್ಕೊಂಡು ಹೋಗ್ತಾರೆ, ಎಲೆ ಯಾರು ಕೊಡ್ತಾರೆ? ನನ್ನ ಹೆಸ್ರು ತಳಕ್ಕೆ ಹೋಗ್ಲಿ ಅಂತಾನಾ? ಏಣಿ ಎತ್ತು. ಹತ್ತು."

ಶಿಗೆನೊ ಹತ್ತಿದಳು. ಬೇರೇನು ಮಾಡುತ್ತಾಳೆ? ಕೆಳಗೆ ಮುರಿದ ಕಾಲಿನವಳು ನೋವಿಗೆ ನರಳುತ್ತ, ನರಳಿಕೆಯ ನಡುವೆ ಎಡಕ್ಕೆ, ಇನ್ನೂ ಮೇಲೆ, ಅದು ಚುಕ್ಕೆ ಬಿದ್ದಿದೆ ಬಿಡು ಎಂದು ಹೇಳುತ್ತಿದ್ದಳು. ಮೇಲೆ ಇವಳು ಮಂಡಿಯನ್ನು ಕಾಂಡಕ್ಕೆ ಒತ್ತಿ ಹಿಡಿದು ಒಂದೊಂದೇ ಎಲೆ ಬಿಡಿಸುತ್ತಿದ್ದಳು. ತಟ್ಟೆಗಳಲ್ಲಿ ಜೋಡಿಸಿ, ಫುಸಾಯೆಯ ಹೆಸರಿನ ಚೀಟಿ ಅಂಟಿಸಿ, ಪೆಟ್ಟಿಗೆಗೆ ತುಂಬಿದ ಮೇಲೆಯೇ ಫೋನಿಗೆ ಅಪ್ಪಣೆ ಸಿಕ್ಕಿತು. ಅಷ್ಟು ತಡವಾಗಿರದಿದ್ದರೆ ಕಾಲು ನೆಟ್ಟಗೆ ಕೂಡುತ್ತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರಂತೆ.

ಫುಸಾಯೆ ನಡೆದದ್ದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಅದರ ಬದಲು, ಕೂಗಿದ ಕೂಡಲೇ ಶಿಗೆನೊ ಅಕ್ಕ ಬರಿಗಾಲಲ್ಲಿ ಓಡಿಬಂದಳು, ತನ್ನ ಕೆಲಸ ಬಿಟ್ಟು ನನ್ನ ಎಲೆ ಕೊಯ್ದಳು ಎಂದು ಆಸ್ಪತ್ರೆಗೆ ಬಂದವರಿಗೆಲ್ಲ ಹೇಳಿದಳು. ಮಿಹೊಕೊ ಕಣ್ಣೊರೆಸಿಕೊಂಡು, ಶಿಗೆನೊಳ ಫೋಟೊ ತೆಗೆದು, ನೆರೆಹೊರೆಯ ಪ್ರೀತಿ ಎಂಬ ತಲೆಬರಹ ಕೊಟ್ಟು ಎಲ್ಲರ ಹಲಗೆಗೂ ಕಳಿಸಿದಳು. ದಾರಿಯಲ್ಲಿ ಸಿಕ್ಕವರೆಲ್ಲ ಬಗ್ಗಿ ಬಗ್ಗಿ ನಮಸ್ಕರಿಸಿದರು. ಶಿಗೆನೊ ತಾನೂ ಬಗ್ಗಿ ನಮಸ್ಕರಿಸಿದಳು.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಫುಸಾಯೆ ಗಾಲಿಕುರ್ಚಿಯಲ್ಲಿ ಮನೆಗೆ ಬಂದಳು. ಮೊದಲ ದಿನವೇ ಶಿಗೆನೊಗೆ ಹೇಳಿಕಳಿಸಿದಳು, ಚಹಾ ಕೊಟ್ಟಳು, ಮೂಲಂಗಿ ಉಪ್ಪಿನಕಾಯಿ ಮುಂದಿಟ್ಟು ತಿನ್ನುವುದನ್ನು ಕೂತು ನೋಡಿದಳು.

"ನಾಳೆಯಿಂದ ಎಂಟಕ್ಕೆ ಮೊದ್ಲೇ ಮರದ ಮೇಲಿರ್ಬೇಕು," ಅಂದಳು. "ತುದಿಯ ಕೊಂಬೆ ಹತ್ರ. ನಾನು ಇಲ್ಲಿಂದ ಒತ್ತುತೀನಿ, ನೀನು ಅಲ್ಲಿಂದ ಕೊಯ್ಯಿ."

ಅಷ್ಟು ಹೊತ್ತಿಗೆ ಚಳಿ ಏರಿ, ಕೈಗೆಟಕುವ ಕೆಳಗಿನ ಕೊಂಬೆಗಳೂ ಕೆಂಪಾಗಿದ್ದವು. ಅದನ್ನೇ ಶಿಗೆನೊ ಮೆಲ್ಲಗೆ ಹೇಳಿನೋಡಿದಳು.

"ನಂಗೆ ತುದಿಯದೇ ಬೇಕು ಎರಡಕ್ಕ."

ಮರುದಿನ ಶಿಗೆನೊ ಹತ್ತಿದಳು, ಅದರ ಮರುದಿನವೂ. ಮೂರನೆಯ ವಾರದ ಒಂದು ಬೆಳಿಗ್ಗೆಯೂ ಹಾಗೇ ಹತ್ತಿದ್ದಳು. ಅವಳ ಹಲಗೆ ಕೆಳಗಿನ ಮನೆಯ ಜಗಲಿಯಲ್ಲಿ, ಗಾಜಿನ ಹಿಂದೆ, ಮಡಿಸಿಟ್ಟ ದಿಂಬಿನ ಮೇಲಿತ್ತು. ಒತ್ತುವ ಬೆರಳಿಲ್ಲದೆ ಅದರ ಮೂಲೆಯಲ್ಲಿ ಈಗ ಒಂಬತ್ತು. ಮೇಲಿನ ಕಿಟಕಿಯಲ್ಲಿ ಫುಸಾಯೆ ಬೆರಳೆತ್ತಿಕೊಂಡು ತಯಾರಾಗಿ ಕೂತಿದ್ದಳು. ಕಂಬದ ಮೇಲೆ ರಾಗ ಶುರುವಾಯಿತು. ಶಿಗೆನೊಳ ಬಲಗೈ ಬೆರಳು ತನ್ನಷ್ಟಕ್ಕೆ ತಾನೇ ಮರದ ತೊಗಟೆಯನ್ನು ಒತ್ತಿತು. ಆಗ ಕಾಲ ಕೆಳಗೆ ಏಣಿ ಸ್ವಲ್ಪ ಜಾರಿತು.

ಅವಳು ಕೊಂಬೆಯನ್ನು ತಬ್ಬಿ ಹಿಡಿದಳು. ಬಾಯಿ ತೆರೆದಳು, ಕೂಗಲಿಲ್ಲ. ಈ ಹೊತ್ತಿನಲ್ಲಿ ಕೂಗಿದರೆ ಯಾರೂ ಏಳುವುದಿಲ್ಲ ಎಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವಳು ಆ ಊರಿನಲ್ಲಿ ಇನ್ನೊಬ್ಬಳೇ ಇದ್ದಳು, ಅವಳು ಕಿಟಕಿಯಲ್ಲಿ ಕೂತಿದ್ದಳು.