ಹಳೆಯ ಸ್ಟೀರಿಯೋ, ಹೊಸ ಸದ್ದು

“ಇದನ್ನ ಮಾತ್ರ ಮುಟ್ಟಬೇಡ.”

ತನ್ನ ದನಿ ಕಪೆಂಬ್ವಾನಿಗೇ ಅತಿಯೆನಿಸಿತು. ಮೆಕ್ಯಾನಿಕ್ ಸಿಯಾಮೆ ಸ್ಕ್ರೂಡ್ರೈವರ್ ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಕಾರಿನ ಜತೆಗೇ ಜಪಾನಿನಿಂದ ಬಂದಿದ್ದ ಸ್ಟೀರಿಯೋ ತನ್ನ ಪಾಡಿಗೆ ಡ್ಯಾಶ್‌ಬೋರ್ಡಿನಲ್ಲಿ ಕೂತಿತ್ತು.

“ಬ್ವಾನಾ,” ಎಂದು ಯಜಮಾನರನ್ನು ಕರೆವಂತೆ ಕರೆದ. “ಇದಕ್ಕೆ ಜಪಾನಿ ಬಿಟ್ಟು ಬೇರೆ ಮಾತು ಬರಲ್ಲ. ನಮ್ಮ ಲುಸಾಕಾದ ಅರ್ಧ ರೇಡಿಯೋ ಸ್ಟೇಷನ್ ಸಿಗಲ್ಲ. ಕಿತ್ತು ಬಿಸಾಕಿ, ಇಷ್ಟಗಲದ ಸ್ಕ್ರೀನ್ ಹಾಕ್ಕೊಡ್ತೀನಿ.”

“ಬೇಡ. ನೋಡೋಕೆ ಹಾಗೇ ಇರಲಿ. ಸದ್ದು ಮಾತ್ರ ಬದಲಾಗಬೇಕು.”

“ಕಳ್ಳರ ಭಯಾನಾ?”

“ಹೂಂ.”

ಸುಳ್ಳು. ಹಾಡು ಗುಡುಗಿಸುತ್ತ ಹೋಗುವ ಮಿನಿಬಸ್ಸಿನವರನ್ನು ಸ್ಟಾಫ್ ರೂಮಿನಲ್ಲಿ ಆಡಿಕೊಂಡು ನಗುತ್ತಿದ್ದವನು ತಾನೇ. ಸಂವಹನಶಾಸ್ತ್ರದ ಅಧ್ಯಾಪಕ, ಐವತ್ತರ ಹತ್ತಿರದವನು, ಹೀಗೊಂದು ಚಪಲಕ್ಕೆ ಬಿದ್ದನೆಂದು ಯಾರಿಗೂ ತಿಳಿಯಬಾರದು.

ಆದರೆ ಬೇಕಿತ್ತು. ಇವತ್ತೇ ಬೇಕಿತ್ತು. ಮಧ್ಯಾಹ್ನ ಹೆಂಡತಿ ನಾಮ್ವಿಂಗಾಳನ್ನು ಬಸ್ ನಿಲ್ದಾಣಕ್ಕೆ ಬಿಡಬೇಕು. ದೂರದೂರು ಲಿವಿಂಗ್‌ಸ್ಟನ್ನಿನ ಶಾಲೆಯೊಂದಕ್ಕೆ ಹೆಡ್‌ಮಿಸ್ಟ್ರೆಸ್ ಆಗಿ ಹೊರಟಿದ್ದಾಳೆ. ವರ್ಗ ತಾನಾಗಿ ಬಂತೋ, ಅವಳೇ ಕೇಳಿ ಪಡೆದಳೋ ಅವನು ವಿಚಾರಿಸಿರಲಿಲ್ಲ; ಅವಳು ಹೇಳಿರಲಿಲ್ಲ. ಮನೆಯಿಂದ ನಿಲ್ದಾಣದವರೆಗಿನ ದಾರಿಯನ್ನು ಏನು ಹಾಕಿ ತುಂಬುವುದು ಎಂಬುದೊಂದೇ ಅವನನ್ನು ಕಾಡಿದ ಪ್ರಶ್ನೆ. ಅಷ್ಟು ಓದಿದ ತಲೆಗೆ ಹೊಳೆದ ಉತ್ತರ ಇದು.

ಸಿಯಾಮೆ ಸ್ಟೀರಿಯೋವನ್ನು ಅಲ್ಲೇ ಉಳಿಸಿ, ಅದರ ತಂತಿಗಳಿಗೆ ಹೊಸ ತಂತಿ ಸೇರಿಸಿ, ಸೀಟಿನಡಿ ಆಂಪ್ಲಿಫೈಯರನ್ನೂ ಡಿಕ್ಕಿಯಲ್ಲಿ ದೊಡ್ಡ ಸ್ಪೀಕರನ್ನೂ ಕೂರಿಸಿದ. “ಈಗ ನೋಡಿ ಬ್ವಾನಾ, ಮುಖ ಮುದುಕಂದು, ಎದೆ ಹುಡುಗಂದು!” ಎಂದು ನಕ್ಕ. ನಗಬೇಕಾದ್ದರಿಂದ ಕಪೆಂಬ್ವಾನೂ ನಕ್ಕ.

ಮಧ್ಯಾಹ್ನ ಹೊರಡುವಾಗ ಡಿಕ್ಕಿಯಲ್ಲಿ ಜಾಗವಿಲ್ಲದೆ ನಾಮ್ವಿಂಗಾಳ ಸೂಟ್‌ಕೇಸು ಹಿಂದಿನ ಸೀಟಿಗೆ ಬಂತು.

“ಏನು ಹಾಕಿಸಿದ್ರಿ?”

“ಸೌಂಡು.”

ಅವಳು ಡ್ಯಾಶ್‌ಬೋರ್ಡ್ ನೋಡಿದಳು. “ಹಳೇದೇ ಇದೆಯಲ್ಲ.”

“ಅದು ಮೇಲೆ ಮಾತ್ರ.”

“ಓ.”

ಆ ‘ಓ’ ಮೇಲೆ ಇಡೀ ಒಂದು ತರಗತಿ ತೆಗೆದುಕೊಳ್ಳಬಹುದಿತ್ತು. ಗುಂಡಿ ಒತ್ತಿದ. ಜಪಾನಿ ಹೆಣ್ಣುದನಿಯೊಂದು ಏನೋ ವಿನಯದಿಂದ ಹೇಳಿತು. ಅದರ ಬೆನ್ನಿಗೇ ಗಿಟಾರು ನುಗ್ಗಿತು. ಸೊಗಸಾಗಿತ್ತು. ಬೆರಳುಗಳು ಸ್ಟೀರಿಂಗಿನ ಮೇಲೆ ತಾಳ ಹಾಕಿದವು. ಊರ ನಡುವಿನ ಕೈರೋ ರಸ್ತೆ ಅಷ್ಟು ಬೇಗ ಎಂದೂ ಮುಗಿದಿರಲಿಲ್ಲ.

ನಿಲ್ದಾಣದ ಹತ್ತಿರ ಸಿಗ್ನಲ್ಲಿನಲ್ಲಿ ತಿರುಗಿದರೆ, ಅವಳ ತುಟಿಗಳು ಆಡುತ್ತಿದ್ದವು. ಎಷ್ಟು ಹೊತ್ತಿನಿಂದಲೋ. ಕಣ್ಣು ರಸ್ತೆಯ ಮೇಲಿತ್ತು. ಮಡಿಲಲ್ಲಿ ಬೆರಳು ಉಂಗುರವನ್ನು ತಿರುಗಿಸುತ್ತಿತ್ತು. ಸದ್ದು ತಗ್ಗಿಸಲು ಹೋಗಿ ಗಾಬರಿಯಲ್ಲಿ ಏರಿಸಿಬಿಟ್ಟ. ಕಿಟಕಿಗಳು ಅದುರಿದವು. ಪಕ್ಕದ ಮಿನಿಬಸ್ಸಿನ ಕಂಡಕ್ಟರ್ ಹೆಬ್ಬೆರಳೆತ್ತಿ ಹಲ್ಲು ಕಿರಿದ.

ಆರಿಸುವ ಹೊತ್ತಿಗೆ ಅವಳ ತುಟಿ ನಿಂತಿತ್ತು.

“ಏನಂದೆ?”

“ಏನಿಲ್ಲ.”

“ಏನೋ ಹೇಳ್ತಿದ್ದೆ.”

“ಹೇಳಿ ಆಯ್ತು.” ಸ್ಟೀರಿಯೋದ ಕಡೆ ನೋಡಿ, “ಸೌಂಡು ಚೆನ್ನಾಗಿದೆ,” ಎಂದಳು.

ಬಸ್ಸಿನ ಮೆಟ್ಟಿಲ ಬಳಿ ‘ಇನ್ನೊಂದ್ಸಲ ಹೇಳು’ ಅನ್ನಬಹುದಿತ್ತು. “ನೀರಿನ ಬಾಟ್ಲಿ ಇದೆಯಾ?” ಎಂದ. ಇತ್ತು.

ಬಸ್ಸು ಹೋದ ಮೇಲೆ ಕಾರಿನಲ್ಲಿ ಕೂತು, ಅವಳ ತುಟಿಗಳ ಆಕಾರವನ್ನು ನೆನಪಿಸಿಕೊಂಡು, ಕನ್ನಡಿ ನೋಡುತ್ತ ತನ್ನ ತುಟಿಗಳನ್ನು ಹಾಗೇ ಆಡಿಸಿದ. ‘ಬನ್ನಿ’ ಎಂದಿರಬಹುದು. ‘ಬರಬೇಡಿ’ ಎಂದೂ ಇರಬಹುದು. ಬಿಸಿಲಿನಲ್ಲಿ ಮೌನ ಕಾಯತೊಡಗಿತು. ಕೈ ತಾನಾಗಿ ಗುಂಡಿಗೆ ಹೋಯಿತು. ಡಿಕ್ಕಿಯಿಂದೆದ್ದ ಏಟಿಗೆ ಕನ್ನಡಿ ನಡುಗಿತು. ಆ ನಡುಕದಲ್ಲಿ ಅದರೊಳಗಿನ ಅವನ ಮುಖಕ್ಕೆ ಎರಡು ಬಾಯಿ ಮೂಡಿದವು. ಎರಡೂ ಆಡುತ್ತಲೇ ಇದ್ದವು.